ಹೊಸಕ್ಕಿಯ ಹಾಲಿಗೆ ಮೊದಲು

ಅಮ್ಮನ ಫೋನು ಬರುವುದು ಬೆಳಿಗ್ಗೆ, ಮಲ್ಲಿಗೆ ಕಟ್ಟಿ ಮುಗಿದ ಮೇಲೆ. ಕಾಪುವಿನ ನಮ್ಮ ಮನೆಯಂಗಳದಲ್ಲಿ ಮಲ್ಲಿಗೆ ಗಿಡಗಳಿವೆ. ಬಿಸಿಲೇರುವ ಮೊದಲು ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೂವು ಒಯ್ಯುವ ರಿಕ್ಷಾ ಬರುವಷ್ಟರಲ್ಲಿ ಚೆಂಡು ಮಾಡಿ ಇಡಬೇಕು. ರಿಕ್ಷಾ ಹೋದ ಮೇಲೆ ಅಮ್ಮನ ಕೈ ಸ್ವಲ್ಪ ಹೊತ್ತು ಖಾಲಿ, ಆಗ ಫೋನು. ಆ ಹೊತ್ತಿಗೆ ನಾನು ಪರ್ಕಳದ ಬಾಡಿಗೆ ಕೋಣೆಯಲ್ಲಿ ಚಹಾ ಕುಡಿಯುತ್ತ ಯಾರದೋ ಪ್ರಬಂಧ ತಿದ್ದುತ್ತಿರುತ್ತೇನೆ.

ಅದೇ ನನ್ನ ಉದ್ಯೋಗ. ಮಣಿಪಾಲದಲ್ಲಿ ಒಂದು ವಿಷಯ ಓದಲು ಶುರು ಮಾಡಿ, ಅದನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹಾರಿ, ಕೊನೆಗೆ ಸಂಶೋಧನಾ ವಿದ್ಯಾರ್ಥಿಗಳ ಬರಹ ತಿದ್ದಿಕೊಡುವವನಾದೆ. ಅವರ ಹಾಳೆಗಳ ಅಂಚಿನಲ್ಲಿ ನಾನು ಅತಿ ಹೆಚ್ಚು ಬರೆಯುವ ಪದ ‘ಆಧಾರ?’ ಎಂಬುದು. ಈ ಅಭ್ಯಾಸ ಮೆಲ್ಲನೆ ನನ್ನ ನೆನಪುಗಳಿಗೂ ಅಂಟಿಕೊಂಡಿತು. ಬಾಲ್ಯದ ಯಾವುದೇ ಸಂಗತಿ ಮನಸ್ಸಿಗೆ ಬಂದರೂ ಅದರ ಪಕ್ಕದಲ್ಲಿ ಕೆಂಪು ಶಾಯಿಯ ಪ್ರಶ್ನೆ ನಿಲ್ಲುತ್ತದೆ. ದೇವರ ಪಕ್ಕದಲ್ಲಂತೂ ಆ ಪ್ರಶ್ನೆ ಕಾಲೇಜಿನಲ್ಲೇ ಬಂದು ನಿಂತಿತ್ತು.

ಹೋದ ವರ್ಷ ಆಗಸ್ಟ್ ಕೊನೆಯಲ್ಲಿ ಒಂದು ಬೆಳಿಗ್ಗೆ ಅಮ್ಮ ಹೇಳಿದಳು: “ಪುತಾ, ಈ ಸಲ ಹೊಸಕ್ಕಿ ಊಟ ಮಾಡುವ.”

“ಮಾಡುವ” ಎಂದೆ.

“ಮಾಡುವ ಅಂದ್ರೆ ಆಗ್ಲಿಲ್ಲ. ಅಪ್ಪನ ಜಾಗದಲ್ಲಿ ಕೂತು ನೀನು ಅರ್ಗಾಂ ಹೇಳಬೇಕು.”

ನಮ್ಮ ಮನೆಮಾತು ಕೊಂಕಣಿ. ಪುತಾ ಅಂದರೆ ಮಗ, ದೇವರಿಗೆ ಸಲ್ಲಿಸುವ ವಂದನೆಗೆ ನಾವು ಅರ್ಗಾಂ ಎನ್ನುತ್ತೇವೆ. ಸೆಪ್ಟೆಂಬರಿನ ಮೊಂತಿ ಹಬ್ಬ ಮರಿಯ ಮಾತೆಯ ಹುಟ್ಟುಹಬ್ಬವೂ ಹೌದು, ನಮ್ಮ ಪಾಲಿಗೆ ತೆನೆ ಹಬ್ಬವೂ ಹೌದು. ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಆಶೀರ್ವದಿಸಿ ಕೊಟ್ಟ ಭತ್ತದ ತೆನೆಯನ್ನು ಮನೆಗೆ ತಂದು, ಕಾಳು ಸುಲಿದು ಜಜ್ಜಿ, ಬೆಲ್ಲ ಹಾಕಿದ ತೆಂಗಿನ ಹಾಲಿಗೆ ಸೇರಿಸಿ, ಮನೆಮಂದಿಯೆಲ್ಲ ಒಂದೇ ಬಟ್ಟಲಿನಿಂದ ಹಂಚಿಕೊಂಡು ಕುಡಿಯುತ್ತಾರೆ. ಆಮೇಲೆ ಹೊಸಕ್ಕಿ ಊಟ. ವರ್ಷವಿಡೀ ಮೀನು ಬೇಯುವ ಮನೆಯಲ್ಲಿ ಆ ದಿನ ತರಕಾರಿ ಮಾತ್ರ. ಇಷ್ಟು ಎಲ್ಲ ಮನೆಗಳಲ್ಲಿ ಉಂಟು. ನಮ್ಮ ಮನೆಯಲ್ಲಿ ಇನ್ನೊಂದು ಇತ್ತು. ಬಟ್ಟಲು ಕೈಯಿಂದ ಕೈಗೆ ಹೋಗುವ ಮೊದಲು ಅಪ್ಪ ಎದ್ದು ನಿಂತು ಆ ವರ್ಷಕ್ಕಾಗಿ ಅರ್ಗಾಂ ಹೇಳುತ್ತಿದ್ದರು. ಅಚ್ಚಾದ ಪ್ರಾರ್ಥನೆಯಲ್ಲ, ಅವರದೇ ಮಾತು. ಅದು ಮುಗಿಯದೆ ಯಾರೂ ಹಾಲು ಮುಟ್ಟುವಂತಿರಲಿಲ್ಲ.

ಅಪ್ಪ ತೀರಿಕೊಂಡ ವರ್ಷ ಹಬ್ಬ ಮಾಡಲಿಲ್ಲ. ಸಾವಿನ ಮನೆಯಲ್ಲಿ ಮಾಡುವುದೂ ಇಲ್ಲ. ಆಮೇಲೆ ಅಮ್ಮ ಮಲ್ಲಿಗೆ ಕಟ್ಟಿದಳು, ಪೂಜೆಗೆ ಹೋದಳು, ನೆರೆಯವರ ಮದುವೆಗೂ ಹೋದಳು. ಆದರೆ ನಗು ಬಂದರೆ ಬೆವರಿನ ಹಾಗೆ ಸೆರಗಿನಲ್ಲಿ ಒರೆಸಿಕೊಂಡುಬಿಡುತ್ತಿದ್ದಳು.

“ನನಗೆ ಅಪ್ಪನ ಅರ್ಗಾಂ ನೆನಪಿಲ್ಲ ಅಮ್ಮ. ಅಕ್ಕ ಹೇಳಲಿ” ಎಂದೆ.

“ಅವಳು ಶುರು ಮಾಡಿದರೆ ಹಾಲು ಮೊಸರಾಗ್ತದೆ. ನೀನೇ ಹೇಳಬೇಕು.”

“ನಿನಗೆ ನೆನಪುಂಟಲ್ಲ? ನೀನೇ ಹೇಳಿಕೊಡು.”

“ನನ್ನ ಬಾಯಿಯಿಂದ ಬರುವುದಿಲ್ಲ. ಅಳು ಬಂದರೆ ಹಬ್ಬ ಹಾಳು. ನೀನು ಹೇಳ್ತೀಯಾದರೆ ತೆನೆ ತರುವ. ಇಲ್ಲದಿದ್ದರೆ ಕಾರ್ಕಳಕ್ಕೆ ಕಳಿಸ್ತೇನೆ, ಇನ್ನು ಹಬ್ಬ ನಿನ್ನ ಅಕ್ಕನ ಮನೆಯಲ್ಲಿ. ಇಲ್ಲಿ ಅದು ಅಪ್ಪನೊಟ್ಟಿಗೆ ಮುಗಿಯಿತು ಅಂತ ತಿಳಿಯುವ.”

ಇಷ್ಟು ಹೇಳಿ ಫೋನು ಇಟ್ಟಳು. ಮುಂದೆ ತಿದ್ದಲು ತೆರೆದಿಟ್ಟ ಪುಟ ಹಾಗೆಯೇ ಉಳಿಯಿತು.

ನನ್ನ ಬಳಿ ಇದ್ದದ್ದು ಒಂದೇ ಒಂದು ತುಣುಕು. ನಾನು ಚಿಕ್ಕವನು, ಮೂಗಿನ ಮಟ್ಟಕ್ಕೆ ಮೇಜು. ಅಪ್ಪ ಕಣ್ಣು ಮುಚ್ಚಿ, “ಮಳೆಯಲ್ಲಿ ನೆಂದ ಮೇಲೂ ಒಂದೇ ಒದೆತಕ್ಕೆ ಸ್ಟಾರ್ಟ್ ಆದ ಸ್ಕೂಟರಿಗಾಗಿ, ದೇವಾಕ್ ಅರ್ಗಾಂ” ಎನ್ನುತ್ತಾರೆ. ಬೆರಳಿನ ತುದಿಯಲ್ಲಿ ಬೆಲ್ಲದ ಹಾಲಿನ ರುಚಿ. ಅಪ್ಪನೇ ನನಗೆ ಮೊದಲು ರುಚಿ ತೋರಿಸಿರಬೇಕು ಎಂದು ಅಂದುಕೊಂಡಿದ್ದೆ. ಈ ಚಿತ್ರ ಎಷ್ಟು ಸ್ಪಷ್ಟವೆಂದರೆ ಸ್ಕೂಟರಿನ ನೀಲಿ ಬಣ್ಣವೂ ಕಾಣುತ್ತದೆ. ಒಂದೇ ತೊಂದರೆ, ನೀಲಿ ಸ್ಕೂಟರು ನಮ್ಮ ಮನೆಗೆ ಬಂದದ್ದು ನಾನು ಕಾಲೇಜಿಗೆ ಸೇರಿದ ಮೇಲೆ. ಅಷ್ಟರಲ್ಲಿ ನಾನು ಮೇಜಿಗಿಂತ ಎಷ್ಟೋ ಎತ್ತರವಾಗಿದ್ದೆ.

ಆಧಾರ ಹುಡುಕಲು ಮೊದಲು ಕಾರ್ಕಳಕ್ಕೆ ಹೋದೆ. ಅಕ್ಕ ಅಲ್ಲಿ ಹೈಸ್ಕೂಲಿನಲ್ಲಿ ಕಲಿಸುತ್ತಾಳೆ. ತರಗತಿಯ ಧ್ವನಿಯನ್ನು ಮನೆಯಲ್ಲೂ ಇಳಿಸುವುದಿಲ್ಲ. ನಾನು ಚಪ್ಪಲಿ ಬಿಡುವ ಮೊದಲೇ ಒಳಗಿನಿಂದ ಕೇಳಿತು: “ಬಂದಿಯಾ ಪಾದ್ರಿಗಳೇ! ಪ್ರಸಂಗ ಬಾಯಿಪಾಠ ಆಯಿತಾ?”

“ತಮಾಷೆ ಬೇಡ. ನಿನಗೆ ಅಪ್ಪನ ಅರ್ಗಾಂ ನೆನಪುಂಟಾ?”

“ನೆನಪು? ಅಕ್ಷರ ಅಕ್ಷರ ಉಂಟು ಮಾರಾಯ.” ಅಕ್ಕ ಕೈ ಒರೆಸಿಕೊಂಡು, ಎದ್ದು ನಿಂತು, ಅಪ್ಪನ ಹಾಗೆಯೇ ಕುತ್ತಿಗೆ ಓರೆ ಮಾಡಿದಳು. “ನನ್ನ ಮಗಳ ದೊಡ್ಡ ಬಾಯಿಗಾಗಿ ದೇವಾಕ್ ಅರ್ಗಾಂ. ಅದು ಇಲ್ಲದಿದ್ದರೆ ಅವಳಮ್ಮನನ್ನು ಬಿಟ್ಟು ಹೊರಟ ಬಸ್ಸು ನಿಲ್ಲುತ್ತಿರಲಿಲ್ಲ.”

“ಆಮೇಲೆ?”

“ಆಮೇಲೆ ಎಂತ? ಅಷ್ಟೇ. ಅದೇ ಮುಖ್ಯ.”

“ಪ್ರತಿ ವರ್ಷ ಅದನ್ನೇ ಹೇಳುತ್ತಿದ್ದರಾ?”

“ಪ್ರತಿ ವರ್ಷ.”

“ಸ್ಕೂಟರು?”

“ಯಾವ ಸ್ಕೂಟರು? ಅರ್ಗಾಂನಲ್ಲಿ ಸ್ಕೂಟರು ಎಂತಕ್ಕೆ? ನೀನು ಓದಿ ಓದಿ ತಲೆ ಕೆಟ್ಟದ್ದು.” ಅಕ್ಕ ನನ್ನ ತಟ್ಟೆಗೆ ಇನ್ನೊಂದು ದೋಸೆ ಹಾಕಿದಳು. ಜಗಳದ ನಡುವೆಯೂ ಅವಳ ಕೈ ಬಡಿಸುವುದನ್ನು ಮರೆಯುವುದಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಯೋಚಿಸಿದೆ. ಸಾಕ್ಷಿ ಖಚಿತವಾಗಿ ಮಾತನಾಡುತ್ತಾಳೆ. ಆದರೆ ಖಚಿತವಾಗಿ ಮಾತನಾಡುವುದು ಅವಳ ಉದ್ಯೋಗ.

ಮಾರನೆಯ ವಾರ ಕಾಪುವಿಗೆ ಹೋಗಿ ನೆರೆಮನೆಯ ಅಣ್ಣನನ್ನು ಕೇಳಿದೆ. ಅವರು ಅಪ್ಪನ ಗೆಳೆಯ, ನಮಗೆಲ್ಲ ಅಣ್ಣ. ಬೆಳಿಗ್ಗೆ ಹೆಜಮಾಡಿಯಿಂದ ಟೆಂಪೋದಲ್ಲಿ ಮೀನು ತಂದು ಸುತ್ತಲಿನ ಊರುಗಳಿಗೆ ಹಾಕುವವರು. ಅವರ ಹೆಂಡತಿ ಅಮ್ಮನ ಜೊತೆ ಕೂತು ಹೂವು ಕಟ್ಟುತ್ತಾರೆ. ಅವರದು ತುಳು ಮಾತಿನ ಹಿಂದೂ ಮನೆ. ಆದರೂ ಹೊಸಕ್ಕಿ ಊಟಕ್ಕೆ ಅಣ್ಣ ತಪ್ಪಿಸಿದ್ದು ನನಗೆ ಗೊತ್ತಿಲ್ಲ. ನಮ್ಮ ಕಡೆ ತುಳುವರು ಕ್ರೈಸ್ತ ಗಂಡಸರನ್ನು ಪೊರ್ಬುಗಳೇ ಎಂದು, ಹೆಂಗಸರನ್ನು ಬಾಯಮ್ಮ ಎಂದು ಕರೆಯುವುದುಂಟು. ಅಪ್ಪ ಅವರಿಗೆ ಪೊರ್ಬುಗಳು, ನಾನು ಇವತ್ತಿಗೂ ಸಣ್ಣ ಪೊರ್ಬು.

“ನೆನಪಿಲ್ಲದೆ ಎಂತ ಸಣ್ಣ ಪೊರ್ಬುಗಳೇ? ನಿಮ್ಮಪ್ಪ ತುಳುವಿನಲ್ಲೇ ಹೇಳ್ತಿದ್ದದ್ದು” ಎಂದರು.

“ತುಳುವಿನಲ್ಲಾ? ಅಕ್ಕ ಕೊಂಕಣಿ ಅಂತಾಳೆ. ನನಗೂ ಕೊಂಕಣಿ ಅಂತಲೇ ನೆನಪು.”

“ಅವಳು ಹೇಳ್ತಾಳೆ! ನಾನು ಅವರ ಎದುರೇ ಕೂತವ. ‘ನೆರೆಮನೆಯ ದನ ನಮ್ಮ ಮಲ್ಲಿಗೆ ತಿಂದದ್ದಕ್ಕಾಗಿ ದೇವರಿಗೆ ವಂದನೆ. ತಿಂದ ಗಿಡ ಎರಡು ಪಾಲು ಚಿಗುರಿತು.’ ಹೀಗೆ. ನಾನು ಮುಖ ಎಲ್ಲಿ ಇಡುವುದು ಹೇಳಿ! ದನ ನನ್ನದಲ್ವಾ? ಅದಕ್ಕಿಂತ ಮೊದಲು ಎರಡು ತಿಂಗಳು ನಮಗೆ ಮಾತಿರಲಿಲ್ಲ. ಆ ದಿನ ಊಟಕ್ಕೆ ಕರೆದು ಎಲ್ಲರ ಎದುರು ದನಕ್ಕೆ ವಂದನೆ ಹೇಳಿದರು. ನಾನು ನಗಾಡಿ ನಗಾಡಿ ಹಾಲು ಚೆಲ್ಲಿದ್ದು.”

“ಪ್ರತಿ ವರ್ಷ ದನದ್ದೇ?”

“ಪ್ರತಿ ವರ್ಷ” ಎಂದರು ಅಣ್ಣ, ಅಕ್ಕನಷ್ಟೇ ದೃಢವಾಗಿ.

ಒಬ್ಬಳಿಗೆ ಬಸ್ಸು, ಇನ್ನೊಬ್ಬರಿಗೆ ದನ, ನನಗೆ ಕಾಲಕ್ಕೆ ಸರಿಹೊಂದದ ಒಂದು ಸ್ಕೂಟರು. ಭಾಷೆಯ ಬಗ್ಗೆಯೂ ಒಮ್ಮತವಿಲ್ಲ. ಇಂಥ ಪ್ರಬಂಧ ನನ್ನ ಮೇಜಿಗೆ ಬಂದಿದ್ದರೆ ಪೂರ್ತಿ ಅಧ್ಯಾಯಕ್ಕೇ ಗೀಟು ಎಳೆಯುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೆ ಒಳಗೊಳಗೆ ಹಗುರವಾಯಿತು. ಪ್ರಾರ್ಥನೆಯೇ ಸಿಗದಿದ್ದರೆ ನಾನು ಹೇಳುವುದಾದರೂ ಏನನ್ನು? ಅಡುಗೆಮನೆಗೆ ಹೋಗಿ, “ಅಮ್ಮ, ಯಾರಿಗೂ ಸರಿಯಾಗಿ ನೆನಪಿಲ್ಲ” ಎಂದೆ. ಅಮ್ಮ ಕೆಸುವಿನ ದಂಟು ಹೆಚ್ಚುತ್ತಿದ್ದಳು. ತಲೆ ಎತ್ತದೆ, “ಹಾಗಾದರೆ ತೆನೆ ಕಾರ್ಕಳಕ್ಕೆ” ಎಂದಳು. ಕತ್ತಿ ಮಾತ್ರ ನಿಂತಿತು. ಅದನ್ನು ನೋಡಿ, “ಇಲ್ಲ, ಇಲ್ಲಿಯೇ ಇರಲಿ. ಏನಾದರೂ ಹೇಳುತ್ತೇನೆ” ಎಂದುಬಿಟ್ಟೆ. ಹೇಳಿದ ಮೇಲೆ ಹೆದರಿಕೆಯಾಯಿತು.

ಹಬ್ಬದ ಬೆಳಿಗ್ಗೆ ಮಳೆ ಬಿಟ್ಟು ಬಿಸಿಲು ಬಂದಿತ್ತು. ಇಗರ್ಜಿಯ ಅಂಗಳದಲ್ಲಿ ಮಕ್ಕಳು ಬುಟ್ಟಿ ತುಂಬ ಹೂವು ಹಿಡಿದು ಮಾತೆಯ ಮೂರ್ತಿಯ ಸುತ್ತ ನೂಕಾಡುತ್ತಿದ್ದರು. ದಾಸವಾಳ, ಗೌರಿ ಹೂವು, ಯಾರದೋ ಬೇಲಿಯಿಂದ ಕಿತ್ತದ್ದು, ಎಲ್ಲ ಒಟ್ಟಿಗೆ. ಪೂಜೆ ಮುಗಿದ ಮೇಲೆ ತೆನೆ ಹಂಚಿದರು, ಮಕ್ಕಳಿಗೆ ಕಬ್ಬು ಕೊಟ್ಟರು. ಸಾಲಿನಲ್ಲಿ ನಿಂತು ನಮ್ಮ ಮನೆಯ ತೆನೆ ತೆಗೆದುಕೊಂಡೆ. ಹಸಿರು ಇನ್ನೂ ಆರಿರಲಿಲ್ಲ, ಅಂಗೈಗೆ ಕಾಳು ಚುಚ್ಚುತ್ತಿತ್ತು. ನಂಬದವನ ಕೈಯಲ್ಲೂ ಅದು ಹಾಗೆಯೇ ಚುಚ್ಚುತ್ತದೆ ಎಂದು ಯೋಚಿಸಿ ನಗು ಬಂತು.

ಮನೆಗೆ ಬಂದಾಗ ಅಡುಗೆಮನೆಯಲ್ಲಿ ಗಲಾಟೆ. ಹೊಸಕ್ಕಿ ಊಟಕ್ಕೆ ತರಕಾರಿ ಪದಾರ್ಥಗಳು ಬೆಸವಾಗಿರಬೇಕು. ಐದೋ ಏಳೋ ಒಂಬತ್ತೋ ಅವರವರ ಶಕ್ತಿ, ಸಮ ಮಾತ್ರ ಆಗಬಾರದು. ಅಮ್ಮ ಮತ್ತು ಅಕ್ಕ ಸೇರಿ ಏಳು ಮಾಡಿ ಮುಗಿಸಿದ್ದರು. ಅಷ್ಟರಲ್ಲಿ ಅಣ್ಣ ಹೆಂಡತಿ ಮಾಡಿಕೊಟ್ಟ ಪತ್ರೊಡೆಯ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ.

“ಎಂಟಾಯಿತು!” ಅಕ್ಕ ತಲೆ ಹಿಡಿದುಕೊಂಡಳು. “ಅಣ್ಣ, ನಿಮಗೆ ಇವತ್ತೇ ತರಬೇಕಿತ್ತಾ?”

“ವರ್ಷಕ್ಕೊಮ್ಮೆ ಈ ಮನೆಗೆ ಮೀನಿಲ್ಲದೆ ಬರುವವ ನಾನು. ಖಾಲಿ ಕೈಯಲ್ಲಿ ಹೇಗೆ ಬರುವುದು?”

“ಪತ್ರೊಡೆ ತಿಂಡಿ. ತರಕಾರಿಯ ಲೆಕ್ಕಕ್ಕೆ ಬರುವುದಿಲ್ಲ” ಎಂದು ನಾನು ತೀರ್ಪು ಕೊಟ್ಟೆ.

“ಹೇಗೆ ಬರುವುದಿಲ್ಲ?” ಅಣ್ಣನಿಗೆ ಅವಮಾನವಾಯಿತು. “ಕೆಸುವಿನ ಎಲೆ ಮತ್ತೆಂತ, ಮೀನಾ?”

“ಹಾಗಾದರೆ ಉಪ್ಪಿನಕಾಯಿ ಸೇರಿಸಿ ಒಂಬತ್ತು ಮಾಡುವ” ಎಂದೆ.

“ಉಪ್ಪಿನಕಾಯಿ ಲೆಕ್ಕಕ್ಕೆ ಹಿಡಿದರೆ ಹೋದ ವರ್ಷಗಳ ಹಬ್ಬವೆಲ್ಲ ಸಮ ಆಗಿತ್ತು ಅಂತ ಆಯಿತು” ಎಂದಳು ಅಕ್ಕ. “ಅಪ್ಪ ಮೇಲಿಂದ ಇಳಿದು ಬರ್ತಾರೆ ನೋಡು.”

ಅಣ್ಣ ಪಾತ್ರೆಗಳನ್ನೊಮ್ಮೆ ನೋಡಿದರು. ಅಲಸಂಡೆ ಪಲ್ಯದ ಪಾತ್ರೆ ಎಲ್ಲಕ್ಕಿಂತ ಚಿಕ್ಕದು. ಅದನ್ನು ಎತ್ತಿಕೊಂಡು, “ಬಾಯಮ್ಮ, ಇದನ್ನು ನಾನು ಇಲ್ಲದ ಹಾಗೆ ಮಾಡ್ತೇನೆ. ಆಗ ಏಳೇ ಉಳಿಯಿತಲ್ಲ?” ಎಂದು ಅಮ್ಮನಿಗೆ ಹೇಳಿ, ನಿಂತಲ್ಲೇ ಚಮಚ ಹಾಕಿ ತಿನ್ನಲು ಶುರು ಮಾಡಿದರು. ನಾವು ತಡೆಯುವಷ್ಟರಲ್ಲಿ ಅರ್ಧ ಖಾಲಿ. ಬಾಯಿ ತುಂಬಿಕೊಂಡು, ಉಪ್ಪು ಸ್ವಲ್ಪ ಕಡಿಮೆ ಎಂದು ಬೇರೆ ಕೈಸನ್ನೆ ಮಾಡಿದರು.

ಅಮ್ಮ ನಕ್ಕಳು. ಮೊದಲು ಭುಜ ಅಲುಗಿತು, ಆಮೇಲೆ ಧ್ವನಿ ಬಂತು. ಸೆರಗಿಗಾಗಿ ಕೈ ಹೋಯಿತು. ಆದರೆ ರೊಟ್ಟಿ ತಟ್ಟುತ್ತಿದ್ದ ಎರಡೂ ಕೈಯಲ್ಲಿ ಹಿಟ್ಟಿತ್ತು. ಒರೆಸಿಕೊಳ್ಳಲು ಆಗದೆ ನಗು ಹಾಗೆಯೇ ಮುಖದ ಮೇಲೆ ಉಳಿಯಿತು.

ಮೇಜಿನ ಸುತ್ತ ಕೂತೆವು. ಅಮ್ಮ, ಅಕ್ಕ, ಅಣ್ಣ, ಮತ್ತು ಅಪ್ಪನ ಕುರ್ಚಿಯಲ್ಲಿ ನಾನು. ಕಾಳು ಸುಲಿದು ಜಜ್ಜಿ ಹಾಲಿಗೆ ಹಾಕಿದೆ. ಎಲ್ಲರೂ ನನ್ನ ಮುಖ ನೋಡಿದರು. ಎದ್ದು ನಿಂತೆ.

“ಅಮ್ಮ, ನಾನು ಸುಳ್ಳು ಹೇಳಲಾರೆ. ವಂದನೆ ಅಂದ ಮೇಲೆ ಯಾರಿಗೋ ಹೇಳಬೇಕಲ್ಲ? ಯಾರಿಗೆ ಅಂತಲೇ ನನಗೆ ಗೊತ್ತಿಲ್ಲ.”

ಅಕ್ಕ ಬಾಯಿ ತೆರೆದಳು. ಅಮ್ಮ ಅವಳ ಮಣಿಕಟ್ಟಿನ ಮೇಲೆ ಕೈಯಿಟ್ಟಳು. “ನೀನು ಹೇಳು ಪುತಾ. ಎಲ್ಲಿಗೆ ಮುಟ್ಟಿಸಬೇಕೋ ಅಲ್ಲಿಗೆ ನಾನು ಮುಟ್ಟಿಸ್ತೇನೆ.”

“ಆದರೆ ಯಾವ ಸಾಲಿನಿಂದ ಶುರು ಮಾಡಲಿ?” ಎಂದೆ. “ದನದಿಂದ ಶುರು ಮಾಡಿ” ಎಂದರು ಅಣ್ಣ. “ಬಸ್ಸಿನಿಂದ” ಎಂದಳು ಅಕ್ಕ. “ದನ ಎಲ್ಲಿಂದ ಬಂತು ಅಣ್ಣ ನಡುವೆ?” “ನಮ್ಮ ಹಟ್ಟಿಯಿಂದ. ನಿನಗೆ ಗೊತ್ತಿಲ್ಲದಿದ್ದರೆ ಸುಮ್ಮನಿರು.” ಇಬ್ಬರೂ ಬಟ್ಟಲಿನ ಮೇಲಿಂದ ವಾದಕ್ಕೆ ಇಳಿದರು.

“ಎರಡೂ ಸರಿ” ಎಂದಳು ಅಮ್ಮ. ಇಬ್ಬರೂ ಅವಳತ್ತ ತಿರುಗಿದರು. “ಬಸ್ಸು ಒಂದು ವರ್ಷ. ದನ ಇನ್ನೊಂದು ವರ್ಷ. ದನದ್ದು ನಿಮಗಾಗಿ ತುಳುವಿನಲ್ಲಿ, ಉಳಿದದ್ದು ಕೊಂಕಣಿಯಲ್ಲಿ. ಅವರು ಮೇಜಿನ ಸುತ್ತ ಒಬ್ಬೊಬ್ಬರಿಗೂ ಒಂದೊಂದು ಹೇಳ್ತಿದ್ದರು. ಪ್ರತಿ ವರ್ಷ ಹೊಸತು. ನೀವು ನಿಮ್ಮದನ್ನು ಮಾತ್ರ ಕಿವಿಗೆ ಹಾಕಿಕೊಂಡದ್ದು.”

ಅಕ್ಕ, ಅಣ್ಣ ಮುಖ ಮುಖ ನೋಡಿಕೊಂಡರು. ನನಗೆ ಆಗ ಹೊಳೆಯಿತು. ನಾವು ಮೂವರೂ ಒಂದು ಪ್ರಾರ್ಥನೆಯನ್ನು ಹುಡುಕುತ್ತಿದ್ದೆವು. ಇದ್ದದ್ದು ಒಂದು ಪ್ರಾರ್ಥನೆಯಲ್ಲ, ಪ್ರತಿ ವರ್ಷ ಒಬ್ಬೊಬ್ಬರಿಗೂ ಹೊಸ ಸಾಲಿಗಾಗಿ ಅಪ್ಪ ನಡೆಸುತ್ತಿದ್ದ ಹುಡುಕಾಟ.

“ಹಬ್ಬಕ್ಕೆ ಮೊದಲು ಅವರಿಗೆ ಅದೇ ಚಿಂತೆ” ಎಂದು ಅಮ್ಮ ಮುಂದುವರಿಸಿದಳು. ಅಳು ಬರುತ್ತದೆಂದು ಹೆದರಿದ್ದವಳು ಈಗ ಕಥೆ ಹೇಳುವವಳ ಹಾಗೆ ಹೇಳುತ್ತಿದ್ದಳು. “ಮಲ್ಲಿಗೆ ಕೊಯ್ಯುವಾಗ ನನ್ನನ್ನು ಕೇಳುವುದು, ‘ಈ ಸಲ ಇವನ ಬಗ್ಗೆ ಎಂತ ಹೇಳುವ?’ ಅಂತ. ಒಳ್ಳೆಯ ವರ್ಷ ಬೇಗ ಸಿಗ್ತಿತ್ತು. ನಿಮ್ಮೊಟ್ಟಿಗೆ ಜಗಳ ಆದ ವರ್ಷ ಅಣ್ಣ, ಸಿಗಲೇ ಇಲ್ಲ. ‘ಆ ಮನುಷ್ಯನ ಬಗ್ಗೆ ಎಂತ ಉಂಟು?’ ಅಂತ ಸಿಟ್ಟಿನಲ್ಲಿ ಗಿಡಗಳ ಸುತ್ತ ತಿರುಗಿದರು. ಆಗ ದನ ತಿಂದ ಗಿಡದಲ್ಲಿ ಚಿಗುರು ಕಂಡದ್ದು. ಓಡಿ ಬಂದು ಹೇಳಿದರು, ‘ಸಿಕ್ಕಿತು!’ ಅಂತ. ಲಾಟರಿ ಬಂದ ಹಾಗೆ.”

ಅಣ್ಣ ಕಣ್ಣು ಕಿರಿದು ಮಾಡಿ ಬಟ್ಟಲನ್ನೇ ನೋಡುತ್ತಿದ್ದರು. “ಪೊರ್ಬುಗಳು ಅಷ್ಟು ಕಷ್ಟಪಟ್ಟರಾ ನನಗಾಗಿ!” ಎಂದರು ಕೊನೆಗೆ. ಅದರಲ್ಲಿ ನಗು ಎಷ್ಟು, ಬೇರೆಯದು ಎಷ್ಟು, ಹೇಳಲಾರೆ.

ಅಪ್ಪನಿಗೆ ಸಂತೋಷ ಹುಟ್ಟಿನಿಂದ ಬಂದದ್ದು ಎಂದು ನಾನು ತಿಳಿದಿದ್ದೆ. ಕೆಲವರ ಕೂದಲು ಸುರುಳಿಯಿರುವ ಹಾಗೆ ಕೆಲವರ ಸ್ವಭಾವ ಸಂತೋಷದ್ದು, ನನಗೆ ಅದು ಬರಲಿಲ್ಲ, ಅಷ್ಟೇ. ಅದು ಕೆಲಸ ಎಂದು, ಮೊಗ್ಗು ಇಲ್ಲದ ದಿನವೂ ಗಿಡದ ಬುಡಕ್ಕೆ ಹೋಗುವ ಕೆಲಸ ಎಂದು ನನಗೆ ಹೊಳೆದಿರಲೇ ಇಲ್ಲ.

“ನನ್ನ ಸಾಲು ಯಾಕೆ ನನಗೆ ನೆನಪಿಲ್ಲ?” ಎಂದು ಕೇಳಿದೆ. “ನನಗೆ ಸ್ಕೂಟರು ಮಾತ್ರ ನೆನಪು.”

“ಸ್ಕೂಟರು ನನ್ನ ಸಾಲು. ನಿನ್ನ ಕಾಲೇಜು ಸಮಯದ್ದು. ಮಳೆಯಲ್ಲಿ ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದದ್ದು” ಎಂದಳು ಅಮ್ಮ. “ನಿನ್ನದು ಯಾವಾಗಲೂ ಕೊನೆಗೆ, ಸಣ್ಣವನಲ್ವಾ? ಅಷ್ಟರಲ್ಲಿ ನಿನ್ನ ಬೆರಳು ಬಟ್ಟಲಿನಲ್ಲಿ! ಅಪ್ಪ ಕಣ್ಣು ಮುಚ್ಚಿದ ಕೂಡಲೇ ನೀನು ಬೆರಳು ಅದ್ದಿ ನೆಕ್ಕುವುದು. ಹಾಲಿನ ಧ್ಯಾನದಲ್ಲಿದ್ದವನಿಗೆ ಮಾತು ಎಲ್ಲಿ ಕೇಳ್ತದೆ?”

ಅಕ್ಕ ಚಪ್ಪಾಳೆ ತಟ್ಟಿ ನಕ್ಕಳು. ಬೆರಳಿನ ರುಚಿ ನಿಜ, ಅದನ್ನು ಕೊಟ್ಟ ಅಪ್ಪನ ಕೈ ಮಾತ್ರ ನಾನು ಆಮೇಲೆ ಸೇರಿಸಿಕೊಂಡದ್ದು.

“ಒಂದಾದರೂ ಹೇಳು” ಎಂದೆ.

“ನೀನು ದೊಡ್ಡವನಾದ ಮೇಲಿನದು ಒಂದು ನೆನಪುಂಟು. ‘ನನ್ನ ಮಗ ಎಲ್ಲದಕ್ಕೂ ಯಾಕೆ ಅಂತ ಕೇಳ್ತಾನೆ. ಅವನಿಂದಾಗಿ ನಾನೂ ಎರಡು ಸಲ ಯೋಚಿಸಿ ನಂಬುವುದನ್ನು ಕಲಿತೆ. ದೇವಾಕ್ ಅರ್ಗಾಂ.’”

ನಾನು ಪೂಜೆಗೆ ಹೋಗುವುದನ್ನು ನಿಲ್ಲಿಸಿದ್ದ ವರ್ಷ ಅದು. ಆ ದಿನವೂ ಮೇಜಿನಲ್ಲಿ ನಾನಿದ್ದೆ, ಕೇಳಲಿಲ್ಲ.

ಇನ್ನು ಹುಡುಕಲು ಸಮಯವಿರಲಿಲ್ಲ. ಹಾಲು ಆರುತ್ತಿತ್ತು. ಇದ್ದುದನ್ನೇ ಹೇಳಿದೆ. ಅಣ್ಣನತ್ತ ತಿರುಗಿ, ಕೇಳದೆಯೇ ಬೆಳಿಗ್ಗೆ ಈ ಮನೆಯ ಜಗಲಿಯಲ್ಲಿ ಮೀನು ಇಟ್ಟು ಹೋಗುವ ಮನುಷ್ಯನಿಗಾಗಿ, ಅವರು ತಿಂದು ಮುಗಿಸಿದ ಅಲಸಂಡೆಗಾಗಿ ಅಂದೆ. ಅಕ್ಕನ ದೊಡ್ಡ ಬಾಯಿಗಾಗಿ, ಅದು ಇನ್ನೂ ಇಳಿಯದೆ ಇರುವುದಕ್ಕಾಗಿ ಅಂದೆ. ಅಮ್ಮನತ್ತ ತಿರುಗಿದಾಗ ತಡವರಿಸಿತು. “ಅಡುಗೆಮನೆಯಲ್ಲಿ ಇವತ್ತು ಕೈಗೆ ಹಿಟ್ಟು ಮೆತ್ತಿದ್ದಕ್ಕಾಗಿ” ಅಂದೆ. ಅಮ್ಮನಿಗೆ ಅರ್ಥವಾಗಲಿಲ್ಲ, ಅಕ್ಕನಿಗೆ ಆಯಿತು. ಪ್ರತಿ ಸಾಲಿನ ಕೊನೆಗೆ ದೇವಾಕ್ ಅರ್ಗಾಂ ಎಂದು ಮೊದಲು ಅವರು ಮೂವರೇ ಹೇಳಿದರು. ಕೊನೆಯದಕ್ಕೆ ನನ್ನ ಬಾಯಿಯೂ ಸೇರಿತು. ಸೇರಿದ್ದು ಅಭ್ಯಾಸದಿಂದಲೋ ನಂಬಿಕೆಯಿಂದಲೋ ಎಂದು ಆಗ ಕೇಳಿಕೊಳ್ಳಲಿಲ್ಲ. ನನ್ನ ಪಾಲಿಗೆ ಅದೇ ದೊಡ್ಡ ಸಂಗತಿ.

ಬಟ್ಟಲು ಎತ್ತಿ ಅಮ್ಮನಿಗೆ ಕೊಡಹೋದೆ. ಅವಳು ತೆಗೆದುಕೊಳ್ಳಲಿಲ್ಲ.

“ಮುಗಿಯಲಿಲ್ಲ. ಹೇಳಿದವರ ಸಾಲು ಬಾಕಿ ಉಂಟು. ಅಪ್ಪನದು ಯಾವಾಗಲೂ ನಾನು ಹೇಳ್ತಿದ್ದದ್ದು.”

ಅವಳು ಹೆದರಿದ್ದು ಇದಕ್ಕೇ ಎಂದು ನನಗೆ ಆಗ ಗೊತ್ತಾಯಿತು. ಅಣ್ಣ ಚಮಚ ಕೆಳಗಿಟ್ಟರು. ಅಮ್ಮ ಎದ್ದು ನಿಂತು, ಅಪ್ಪನ ಕುರ್ಚಿಯನ್ನು ಒಮ್ಮೆ, ಅದರ ಮುಂದೆ ನಿಂತಿದ್ದ ನನ್ನನ್ನು ಒಮ್ಮೆ ನೋಡಿದಳು.

“ಈ ವರ್ಷ ನನ್ನ ಮಗ ಬೆರಳು ಹಾಕದೆ ಕೊನೆಯವರೆಗೆ ಕಾದ” ಎಂದಳು. “ದೇವಾಕ್ ಅರ್ಗಾಂ.”

ಹಾಲು ಈ ಸಲವೂ ಅಣ್ಣನಿಂದಲೇ ಚೆಲ್ಲಿತು.

ಇದನ್ನು ಓದಿ ಅಕ್ಕ ಖಂಡಿತ ತಕರಾರು ತೆಗೆಯುತ್ತಾಳೆ. ಖಾಲಿಯಾದದ್ದು ಅಲಸಂಡೆ ಅಲ್ಲ, ಹೀರೆಕಾಯಿ ಎಂದು ಅವಳು ಈಗಾಗಲೇ ಹೇಳುತ್ತಿದ್ದಾಳೆ. ಇರಬಹುದು. ನಾನೀಗ ಕೆಲವು ಭಾನುವಾರ ಕಾಪುವಿನ ಇಗರ್ಜಿಯ ಹಿಂದಿನ ಬೆಂಚಿನಲ್ಲಿ ಅಮ್ಮನ ಪಕ್ಕ ಕೂರುತ್ತೇನೆ, ಹೆಚ್ಚು ಮಾತಾಡದೆ. ಉಳಿದ ದಿನ ಪರ್ಕಳದಿಂದ ಮಣಿಪಾಲಕ್ಕೆ ನಡೆಯುವಾಗ ಸಾಲು ಹುಡುಕುತ್ತೇನೆ. ಅಣ್ಣನದು ಮಳೆಗೆ ಮೊದಲೇ ಸಿಕ್ಕಿತು, ಅಮ್ಮನದು ವಾರಕ್ಕೊಂದು ಸಿಗುತ್ತಿದೆ. ಹೀರೆಕಾಯಿಯ ಜಗಳದ ನಂತರ ಅಕ್ಕನ ಬಗ್ಗೆ ಮಾತ್ರ ಏನೂ ಸಿಕ್ಕಿಲ್ಲ. ನಿನ್ನೆ ಬೆಳಿಗ್ಗೆ ಫೋನಿನಲ್ಲಿ ಅಮ್ಮನನ್ನು ಕೇಳಿದೆ, “ಈ ಸಲ ಅವಳ ಬಗ್ಗೆ ಎಂತ ಹೇಳುವ?”

ಆ ಕಡೆಯಿಂದ ಬಂದದ್ದು ನಗು, ಒರೆಸಿಕೊಳ್ಳದ ನಗು.